ಕಲ್ಲುಮನೆಯ ಪೆಟ್ರೋಲು

ನಮ್ಮೂರಿನಲ್ಲಿ ಗಂಡು ಹೆಣ್ಣು ಒಪ್ಪಿದ ಮೇಲೆ ಜಾತಕ ನೋಡುವುದಿಲ್ಲ, ಪೆಟ್ರೋಲು ನೋಡುತ್ತಾರೆ. ಬಂಕಿನಿಂದ ತರುವಾಗ ಎಲ್ಲರದ್ದೂ ಒಂದೇ ಪೆಟ್ರೋಲು. ಮನೆಗೆ ತಂದು, ಒಲೆಯಿಂದ ದೂರ, ನಡುಮನೆಯ ಗೂಡಿನಲ್ಲಿರುವ ಭರಣಿಗೆ ಸುರಿದು ಬಾಯಿಗೆ ಬಟ್ಟೆ ಕಟ್ಟಿಟ್ಟರೆ, ತಿಂಗಳು ತುಂಬುವುದರೊಳಗೆ ಅದು ಆ ಮನೆಯದಾಗುತ್ತದೆ. ಕೆಲವರ ಮನೆಯಲ್ಲಿ ಅದರ ಗುಣ ಏರುತ್ತದೆ, ಕೆಲವರ ಮನೆಯಲ್ಲಿ ಇಳಿಯುತ್ತದೆ. ಏರಿದ ಪೆಟ್ರೋಲು ಹಾಕಿದರೆ ಗಾಡಿ ನಯವಾಗಿ ದಿಬ್ಬ ಹತ್ತುತ್ತದೆ. ಇಳಿದದ್ದನ್ನು ಹಾಕಿದರೆ ಎಂಜಿನ್ನಿನ ಒಳಗೆ ಯಾರೋ ಸುತ್ತಿಗೆ ಹಿಡಿದು ಕೂತಂತೆ ಟಕಟಕ ಅನ್ನುತ್ತದೆ. ಹೊರಗಿನವರು ಇದನ್ನು ಕೇಳಿ ನಗುತ್ತಾರೆ. ನಗಲಿ. ಅವರಿಗೆ ಮದುವೆಯಾಗಿ ಮಕ್ಕಳಾದ ಮೇಲೆ ಗೊತ್ತಾಗುವ ಸಂಗತಿ ನಮಗೆ ತಾಳಿ ಕಟ್ಟುವ ಮೊದಲೇ ಗೊತ್ತಾಗುತ್ತದೆ.

ಜಗಳಗಂಟರ ಮನೆಯ ಪೆಟ್ರೋಲು ಕೆಡುತ್ತದೆ ಅಂತ ನೀವು ಅಂದುಕೊಂಡಿದ್ದರೆ ತಪ್ಪು. ಕಿರುಚಾಡುವ ಮನೆಯದು ಕೆಡುವುದಿಲ್ಲ. ಆಡಬೇಕಾದ ಮಾತನ್ನು ಯಾರಾದರೊಬ್ಬರು ದಿನವೂ ನುಂಗಿಕೊಳ್ಳುವ ಮನೆಯದು ಕೆಡುತ್ತದೆ. ಹಾಗಾಗಿಯೇ ನಮ್ಮ ಮನೆಯ ಪೆಟ್ರೋಲಿಗೆ ಊರಲ್ಲೆಲ್ಲ ಹೆಸರು. ಅಪ್ಪನದು ಹಿಟ್ಟಿನ ಗಿರಣಿ, ಮನೆಗೆ ಅಂಟಿಕೊಂಡೇ ಇದೆ. ಬೆಲ್ಟು ತಿರುಗುವಾಗ ಕೂಗಿ ಹೇಳದಿದ್ದರೆ ಏನೂ ಕೇಳುವುದಿಲ್ಲ. ಕೂಗಿ ಕೂಗಿ ಅಭ್ಯಾಸವಾಗಿ, ಗಿರಣಿ ನಿಂತಾಗಲೂ ಅಪ್ಪ, ಅಮ್ಮ, ಅಜ್ಜಿ, ನಾನು, ಎಲ್ಲರೂ ಬಾಯಿಗೆ ಬಂದದ್ದನ್ನು ಗಂಟಲು ಹರಿಯುವಂತೆ ಹೇಳುತ್ತೇವೆ. ಸಾರಿಗೆ ಉಪ್ಪು ಹೆಚ್ಚಾದರೂ ಬೀದಿಯ ಕೊನೆಯವರೆಗೆ ಸುದ್ದಿ. ಅಂಥ ಮನೆಯ ಹೊಟ್ಟೆಯಲ್ಲಿ ಏನು ತಾನೇ ಉಳಿದೀತು?

ಪರೀಕ್ಷೆ ನಡೆಯುವುದು ಮೆಕ್ಯಾನಿಕ್ ಇಮಾಮಣ್ಣನ ಜೀಪಿನಲ್ಲಿ. ಇಳಿದ ಪೆಟ್ರೋಲಿನ ವಾಸನೆ ಬಂದರೂ ಸಾಕು, ಗೋಳಾಡಬೇಕು, ಹಾಗೆ ಅವನು ಅದರ ಎಂಜಿನ್ನನ್ನು ಬಿಗಿ ಮಾಡಿಟ್ಟಿದ್ದಾನೆ. ಗಂಡಿನ ಮನೆಯ ಭರಣಿಯಿಂದ ಒಂದು ಸಲ, ಹೆಣ್ಣಿನ ಮನೆಯ ಭರಣಿಯಿಂದ ಒಂದು ಸಲ ತುಂಬಿಸಿ ಊರಾಚೆಯ ದಿಬ್ಬ ಹತ್ತಿಸುತ್ತಾನೆ. ಎರಡೂ ಕಡೆಯ ಹಿರಿಯರು ಹಿಂದೆ ಕೂತು ಉಸಿರು ಬಿಗಿಹಿಡಿದು ಕೇಳುತ್ತಾರೆ. ಭಾರ ಹೆಚ್ಚಿದ್ದಷ್ಟೂ ಸದ್ದು ಬೇಗ ಬಯಲಾಗುತ್ತದೆ. ಅದಕ್ಕೇ ಜಾಣರು ತಮ್ಮ ಕಡೆಯಿಂದ ಅತಿ ದಪ್ಪಗಿರುವ ಮಾವನನ್ನೋ ದೊಡ್ಡಮ್ಮನನ್ನೋ ಹುಡುಕಿ ಕರೆತರುತ್ತಾರೆ.

ನಾನು ಒಪ್ಪಿದ ಹುಡುಗ ಕಲ್ಲುಮನೆಯ ಪ್ರಸನ್ನ. ಪೇಟೆಯಲ್ಲಿ ಅವನದು ಕನ್ನಡಕದ ಅಂಗಡಿ. ಅಜ್ಜಿಗೆ ಕನ್ನಡಕ ಮಾಡಿಸಲು ಹೋದವಳು, ಆಮೇಲೆ ಅಜ್ಜಿಯ ಕನ್ನಡಕದ ಕಡ್ಡಿ ಸಡಿಲವಾಯಿತೆಂದು ಹೋದೆ, ಗಾಜು ಗೀಚಿತೆಂದು ಹೋದೆ, ಕೊನೆಗೆ ಅಜ್ಜಿಯೇ 'ನನ್ನ ಕಣ್ಣು ಸರಿಯಾಗಿದೆ ಕಣೇ, ನಿಂದು ತೋರಿಸ್ಕೋ ಹೋಗು' ಎಂದಳು. ಗಾಜು ಬದಲಾಯಿಸುತ್ತಾ 'ಇದು ಚೆನ್ನಾಗಿ ಕಾಣುತ್ತಾ, ಮೊದಲಿನದಾ?' ಎಂದು ಅವನು ಕೇಳುವ ರೀತಿಗೇ ನಾನು ಸೋತುಹೋದೆ. ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಹಾಗೆ ಕೇಳಿದ್ದಿಲ್ಲ. ಹೋದಾಗಲೆಲ್ಲ ಒಂದು ಡಬ್ಬಿಯಲ್ಲಿ ನಾನು ಮಾಡಿದ ಹಾಗಲಕಾಯಿ ಗೊಜ್ಜು ಒಯ್ಯುತ್ತಿದ್ದೆ. ಅವನು ತಿಂದು 'ಚೆನ್ನಾಗಿದೆ' ಅನ್ನುತ್ತಿದ್ದ. ಇನ್ನಷ್ಟು ಹಾಕಲಾ ಅಂದರೆ 'ನಿಮ್ಮಿಷ್ಟ.' ಸಂಜೆ ಕೆರೆ ಕಡೆ ಹೋಗೋಣವಾ ಅಂದರೆ 'ನಿಮ್ಮಿಷ್ಟ.' ಮನೆಯಲ್ಲಿ ಹೇಳಲಾ ಅಂದಾಗಲೂ ಕಿವಿ ಕೆಂಪಗೆ ಮಾಡಿಕೊಂಡು 'ನಿಮ್ಮಿಷ್ಟ' ಅಂದ. ಎಂಥ ಒಳ್ಳೆಯವನು ಅಂತ ನನಗೆ ಎದೆ ತುಂಬಿ ಬರುತ್ತಿತ್ತು.

ತೊಡಕಿದ್ದದ್ದು ಅವನ ಮನೆಯಲ್ಲಿ. ಕಲ್ಲುಮನೆ ಊರಲ್ಲೇ ಅಚ್ಚುಕಟ್ಟಾದ ಮನೆ. ಅವನ ತಂದೆ ಪುಟ್ಟಸ್ವಾಮಯ್ಯ ಯಾರಿಗೂ ಗದರಿದವರಲ್ಲ. ಯಾರ ದನಿಯಾದರೂ ಸ್ವಲ್ಪ ಏರಿದರೆ ಅಂಗೈ ಎತ್ತಿ, 'ಮೆಲ್ಲಗೆ' ಅನ್ನುತ್ತಾರೆ, ಅಷ್ಟೇ. ತಾಯಿ ಅಂಬುಜಮ್ಮ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಇಮಾಮಣ್ಣನ ಜೀಪು ಟಕಟಕ ಅಂದದ್ದಕ್ಕೆ ಆ ಮನೆಯ ದೊಡ್ಡ ಮಗನ ಸಂಬಂಧ ದಿಬ್ಬದ ಮೇಲೆಯೇ ಮುರಿದಿತ್ತು, ಅವನು ಬೇಸತ್ತು ಊರು ಬಿಟ್ಟಿದ್ದ. ಈಗ ಪ್ರಸನ್ನನ ಸರದಿ. 'ಪೆಟ್ರೋಲು ಒಪ್ಪಿದ್ರೆ ನಂದೇನೂ ಅಡ್ಡಿ ಇಲ್ಲ. ಒಪ್ಪಲಿಲ್ಲ ಅಂದ್ರೆ ನೀನು ಅತ್ತು ಕರೆದು ರಂಪ ಮಾಡಿದ್ರೂ ಇಲ್ಲ' ಎಂದು ಅಪ್ಪ ಗಿರಣಿಯಲ್ಲಿ ನಿಂತೇ ಕೂಗಿ ಹೇಳಿದ.

ಆಗ ಬಂದದ್ದು ಆ ಸ್ಪೋರ್ಟ್ಸ್ ಕಾರು. ಪುಟ್ಟಸ್ವಾಮಯ್ಯನವರ ತಂಗಿಯ ಮಗ ಲೋಹಿತ್ ದೂರದ ಊರಿಂದ ಅದನ್ನು ಓಡಿಸಿಕೊಂಡು ಬಂದಿದ್ದ. ನೆಲಕ್ಕೆ ಅಂಟಿದಂತಿದ್ದ ಹಸಿರು ಕಾರು, ಇಬ್ಬರಿಗೇ ಜಾಗ. ಈ ಕಾರಿನ ಎಂಜಿನ್ನಿಗೆ ಒಂದು ಕಿವಿ ಇದೆ, ಸಣ್ಣ ಸದ್ದಾದರೂ ಅದಕ್ಕೆ ಗೊತ್ತಾಗುತ್ತದೆ ಎಂದು ಅವನು ಊಟಕ್ಕೆ ಕೂತಾಗ ಹೊಗಳಿಕೊಂಡನಂತೆ. ಪುಟ್ಟಸ್ವಾಮಯ್ಯ ಅದನ್ನೇ ಹಿಡಿದುಕೊಂಡರು. 'ಆ ಮುದಿ ಜೀಪಿಗಿಂತ ಇದರ ಕಿವಿ ಚುರುಕಲ್ಲವೇ? ಇದರಲ್ಲೇ ನೋಡೋಣ' ಎಂದು ಹೇಳಿಕಳಿಸಿದರು. ಕಿವಿಯಿರುವ ಕಾರು ಎಂದಮೇಲೆ ಪರೀಕ್ಷೆ ಇನ್ನೂ ಕಟ್ಟುನಿಟ್ಟು ಅಂತ ಊರೆಲ್ಲ ಒಪ್ಪಿತು. ಅಪ್ಪನೂ ಒಪ್ಪಿದ. ಇಮಾಮಣ್ಣ ಮಾತ್ರ ಬೀಡಿ ಕಚ್ಚಿಕೊಂಡು, 'ಕಿವಿ ಇದೆ, ಸರಿ. ಬಾಯಿ ಇದೆಯಾ?' ಅಂದ. ಜೀಪಿಗೆ ಕೆಲಸ ತಪ್ಪಿತೆಂದು ಉರಿ ಅಂತ ನಾವೆಲ್ಲ ನಕ್ಕೆವು.

ಪರೀಕ್ಷೆಯ ದಿನ ಇನ್ನೊಂದು ಪೇಚಾಟ. ಲೋಹಿತ್ ಓಡಿಸುತ್ತಾನೆ, ಪಕ್ಕದಲ್ಲಿ ಹೆಣ್ಣಿನ ಕಡೆಯ ಒಬ್ಬರು ಕೂರಬೇಕು. ಅಪ್ಪನ ಹೊಟ್ಟೆ ಬಾಗಿಲಲ್ಲೇ ಸಿಕ್ಕಿಹಾಕಿಕೊಂಡಿತು. ಅಮ್ಮ ಕೂತಳು, ಆದರೆ ಮಲಗಿದಂತಿದೆ, ನಾಚಿಕೆಯಾಗುತ್ತದೆ ಎಂದು ಇಳಿದುಬಿಟ್ಟಳು. ಕರೆತಂದಿದ್ದ ದಪ್ಪ ಮಾವನ ಮಾತು ಬಿಡಿ. ಕೊನೆಗೆ, ಮದುವೆಯ ಹುಡುಗಿ ಕೂರುವ ಪದ್ಧತಿ ಇಲ್ಲದಿದ್ದರೂ, ನಾನೇ ಕೂತೆ.

ಮೊದಲು ನಮ್ಮ ಮನೆಯ ಪೆಟ್ರೋಲು. ದಿಬ್ಬದ ಬುಡದಲ್ಲಿ ಲೋಹಿತ್ ಕಾಲೊತ್ತಿದ. ಅಬ್ಬಾ! ಬೆನ್ನು ಸೀಟಿಗೆ ಅಂಟಿಕೊಂಡಿತು, ನಾನು ಬಾಯ್ತುಂಬ ಕಿರುಚಿದೆ, ಕಿರುಚಿ ಮುಗಿಯುವುದರೊಳಗೆ ನೆತ್ತಿಯ ಮೇಲಿದ್ದೆವು. ಕೆಳಗೆ ಬಂದು, ಕಾರಿನ ಟ್ಯಾಂಕು ಬರಿದು ಮಾಡಿ, ಕಲ್ಲುಮನೆಯ ಪೆಟ್ರೋಲು ಸುರಿದರು. ಪ್ರಸನ್ನ ದೂರದಲ್ಲಿ ನಿಂತು ಕರವಸ್ತ್ರದಿಂದ ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸುತ್ತಿದ್ದ. ನಾನು ಕಣ್ಣು ಮುಚ್ಚಿಕೊಂಡೆ. ಏರು ಶುರುವಾಗುತ್ತಿದ್ದಂತೆ ಟಿಕ್ ಟಿಕ್ ಅಂದಿತು, ಬಳೆಗೆ ಬಳೆ ತಾಗಿದಷ್ಟು ಸಣ್ಣಗೆ. ಆಮೇಲೆ ಇಲ್ಲ. ನೆತ್ತಿಯವರೆಗೂ ಒಂದೇ ಒಂದು ಸದ್ದಿಲ್ಲ. ಆದರೆ ನನ್ನ ಬೆನ್ನು ಸೀಟಿಗೆ ಅಂಟಲಿಲ್ಲ. ಅದೇ ಕಾರು, ಅದೇ ದಿಬ್ಬ, ಲೋಹಿತನ ಕಾಲೂ ಅಷ್ಟೇ ಒತ್ತಿತ್ತು. ಕಾರು ಮಾತ್ರ ಹಬ್ಬದೂಟ ಮಾಡಿದವರಂತೆ ನಿಧಾನಕ್ಕೆ ಹತ್ತಿತು.

ನೆತ್ತಿಯಲ್ಲಿ ಕಾರು ನಿಂತಾಗ, ಯಾಕೆ ಹೀಗೆ ಎಂದು ಲೋಹಿತನನ್ನು ಕೇಳಿದೆ. ಅವನು ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿದ. 'ನಮ್ಮ ಕಡೆ ಇದನ್ನ ಆಕ್ಟೇನ್ ಕಮ್ಮಿ ಅಂತಾರೆ. ಕಿಡಿ ಹಚ್ಚಿದ ಬೆಂಕಿ ಪೂರ್ತಿ ಹರಡೋದರೊಳಗೆ ಮೂಲೇಲಿರೋ ಪೆಟ್ರೋಲು ತಾನೇ ಸಿಡಿದುಬಿಡುತ್ತೆ. ಅದೇ ಟಕಟಕ. ಇದರ ಕಿವಿ ಅದನ್ನ ಕೇಳಿ ಕಂಪ್ಯೂಟರಿಗೆ ಹೇಳುತ್ತೆ. ಕಂಪ್ಯೂಟರು ಕಿಡೀನ ಒಂಚೂರು ತಡ ಮಾಡುತ್ತೆ. ಸದ್ದು ನಿಂತುಹೋಗುತ್ತೆ.'

'ಶಕ್ತಿ?'

'ಅದೂ ಹೋಗುತ್ತೆ. ಬಿಸಿ ಜಾಸ್ತಿ, ಪೆಟ್ರೋಲು ಕುಡಿಯೋದು ಜಾಸ್ತಿ, ಓಡೋದು ಕಮ್ಮಿ. ಆದ್ರೆ ಎಂಜಿನ್ ಒಡೆದು ಹೋಗಲ್ವಲ್ಲ, ಅದು ಮುಖ್ಯ. ಹೀಗೇ ನಾಲ್ಕು ಸಲ ಆದ್ರೆ ಕಲಿತೂಬಿಡುತ್ತೆ. ಆಮೇಲೆ ಟಕ್ ಅನ್ನೋಕೆ ಮೊದಲೇ ಹಿಂದಕ್ಕೆ ಸರಿದು ನಿಂತಿರುತ್ತೆ. ಹೊರಗಿನೋರಿಗೆ ಏನೂ ಗೊತ್ತಾಗಲ್ಲ.'

ಅಂದರೆ ಈ ಕಾರಿಗೆ ಯಾವ ಮನೆಯ ಪೆಟ್ರೋಲು ಹಾಕಿದರೂ ಸದ್ದಾಗುವುದಿಲ್ಲ. ಊರಿಗೆ ಊರೇ ಕಿವಿಗೊಟ್ಟು ಕೇಳುತ್ತಿದ್ದದ್ದು ಕಾರಿನ ಜಾಣತನವನ್ನು, ಕಲ್ಲುಮನೆಯ ನೆಮ್ಮದಿಯನ್ನಲ್ಲ. ಕೆಳಗೆ ಇಳಿದಾಗ ಅಪ್ಪ ಓಡಿಬಂದು, 'ಹೆಂಗಿತ್ತೇ ವಾರಿಜಾ?' ಎಂದು ಕೂಗಿದ. ಅಷ್ಟು ದೂರದಲ್ಲಿ ಪ್ರಸನ್ನ ಕನ್ನಡಕ ಕೈಯಲ್ಲಿ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದ. ಕನ್ನಡಕವಿಲ್ಲದೆ ಅವನಿಗೆ ನನ್ನ ಮುಖ ಕಾಣುವುದಿಲ್ಲ ಅಂತ ನನಗೆ ಗೊತ್ತು. ನಾನು 'ಸದ್ದೇ ಇಲ್ಲಪ್ಪಾ' ಅಂದೆ. ಬುಡದ ಆ ಟಿಕ್ ಟಿಕ್ ಬಿಟ್ಟರೆ ಸುಳ್ಳಂತೂ ಅಲ್ಲ. ಉಳಿದದ್ದನ್ನು ಹೇಳಲಿಲ್ಲ. ಅಮ್ಮ ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು, ಲಗ್ನಕ್ಕೆ ದಿನ ನೋಡುವ ಮಾತಾಯಿತು.

ಹುಟ್ಟಿದಾಗಿನಿಂದ ನಾನು ಮಾತು ನುಂಗಿದವಳಲ್ಲ. ಅದು ಇಷ್ಟು ಸಲೀಸು ಅಂತ ನನಗೆ ಗೊತ್ತೇ ಇರಲಿಲ್ಲ. ಬೆಳಗ್ಗೆ ಎದ್ದಾಗ ಗಂಟಲಿಗೆ ಬರುತ್ತಿತ್ತು, ಕಾಫಿಯ ಜೊತೆ ಕೆಳಗೆ ಇಳಿಸುತ್ತಿದ್ದೆ. ಮದುವೆಯಾದ ಮೇಲೆ ನಾನು ಹೋಗಿ ಆ ಮನೆಯನ್ನು ಸರಿ ಮಾಡುತ್ತೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅಜ್ಜಿ ಎರಡು ಸಲ, 'ಯಾಕೇ, ಮನೆ ಇಷ್ಟು ತಣ್ಣಗಿದೆ?' ಅಂದಳು. ನಾನು ಸೀರೆ ನೋಡುವುದರಲ್ಲಿ ಮುಳುಗಿದಂತೆ ನಟಿಸಿದೆ.

ಒಂದು ದಿನ ಅಪ್ಪ ಗಿರಣಿಯ ಮುಂದೆ ಸ್ಕೂಟರು ಹತ್ತಿ ಕಿಕ್ ಹೊಡೆದು ಹೊರಟವನು ಬೀದಿ ತುದಿಯಿಂದಲೇ ತಿರುಗಿ ಬಂದ. ಸ್ಕೂಟರು ಟಕಟಕ ಅನ್ನುತ್ತಿತ್ತು. ನಮ್ಮ ಸ್ಕೂಟರು! ನಮ್ಮ ಭರಣಿಯ ಪೆಟ್ರೋಲು! ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತರು. ಅಪ್ಪನ ಮುಖ ಕಪ್ಪಿಟ್ಟಿತ್ತು.

'ಯಾರೇ ಅದು? ಈ ಮನೇಲಿ ನುಂಗ್ತಿರೋರು ಯಾರು?'

'ನನ್ನ ನೋಡಬೇಡಿ' ಅಂದಳು ಅಮ್ಮ. 'ನಿಮ್ಮ ತಂಗಿ ಬಗ್ಗೆ ಹೇಳೋದನ್ನೆಲ್ಲ ನಿನ್ನೇನೇ ಹೇಳಿ ಮುಗಿಸಿದೀನಿ.'

'ನಂದೇನೂ ಬಾಕಿ ಇಲ್ಲಪ್ಪ. ನಿನ್ನ ಹೆಂಡ್ತಿ ಕೊಟ್ಟ ತಂಗಳು ರೊಟ್ಟಿ ವಿಷಯಾನೂ ಹೇಳಾಯ್ತು' ಅಂದಳು ಅಜ್ಜಿ. ಆಮೇಲೆ ಮೂವರೂ ನನ್ನ ಕಡೆ ತಿರುಗಿದರು.

ನಾನು ಬೋರೆಂದು ಅತ್ತೆ. ಅಳುತ್ತಲೇ, ಗಿರಣಿಯ ಸದ್ದನ್ನೂ ಮೀರಿ, ಎಲ್ಲವನ್ನೂ ಹೇಳಿದೆ. ಕಾರಿನ ಕಿವಿ, ತಡವಾಗುವ ಕಿಡಿ, ಅಂಟದ ಬೆನ್ನು, ಎಲ್ಲ. 'ಅವರು ನನಗೆ ಬೇಕಪ್ಪಾ, ಅದಕ್ಕೇ ಹೇಳಲಿಲ್ಲ!' ಎಂದು ಕೂಗಿದೆ. ಬೀದಿಗೆಲ್ಲ ಕೇಳಿಸಿತು. ಅಪ್ಪ ಬೆಲ್ಟು ನಿಲ್ಲಿಸಿದ. ಬಯ್ಯುತ್ತಾನೆ ಅಂದುಕೊಂಡೆ. 'ಆ ಮನೆಗೆ ಇನ್ನೂ ಹೋಗೇ ಇಲ್ಲ, ಆಗಲೇ ಬಾಯಿ ಕಟ್ಟಿಕೊಂಡ್ಯಲ್ಲೇ ಮಗಳೇ' ಅಂದ. ಅಷ್ಟು ಸಣ್ಣ ದನಿಯಲ್ಲಿ ಅವನು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನಗೆ ಭಯವಾಯಿತು.

ಮುಖ ತೊಳೆದು ಸೀದಾ ಕಲ್ಲುಮನೆಗೆ ಹೋದೆ. ಎಲ್ಲರೂ ಇದ್ದರು. ಲೋಹಿತ್ ಮದುವೆಗೆಂದು ಉಳಿದುಕೊಂಡಿದ್ದ. ಪ್ರಸನ್ನ ಅಂಗಡಿಗೆ ಹೊರಟಿದ್ದವನು ನಿಂತ. ನಾನು ನಡುಮನೆಯಲ್ಲಿ ನಿಂತು, ನಿಮ್ಮ ಪೆಟ್ರೋಲು ಇಳಿದಿದೆ, ಕಾರು ಅದನ್ನು ಮುಚ್ಚಿಟ್ಟಿತು, ಜೀಪಿನಲ್ಲಿ ಮತ್ತೆ ನೋಡಬೇಕು ಎಂದೆ. ಪುಟ್ಟಸ್ವಾಮಯ್ಯನವರ ಅಂಗೈ ಮೇಲೆದ್ದಿತು.

'ಮೆಲ್ಲಗೆ ಮಗು, ಮೆಲ್ಲಗೆ. ನಾಲ್ಕು ಜನ ಒಪ್ಪಿದ್ದಾಗಿದೆ. ಈ ಮನೇಲಿ ಯಾರಿಗೇನು ಕೊರತೆ? ಕೇಳಿ ನೋಡು.'

ನಾನು ಪ್ರಸನ್ನನನ್ನು ನೋಡಿದೆ. ಅವನು ಬಾಯಿ ತೆರೆದ. ಏನೋ ಬಂದಿತ್ತು, ತುಟಿಯವರೆಗೂ ಬಂದಿತ್ತು. ತನ್ನ ಅಪ್ಪನ ಕೈಯನ್ನು ನೋಡಿದ, ನನ್ನನ್ನು ನೋಡಿದ. 'ನಿಮ್ಮಿಷ್ಟ' ಅಂದ. ಯಾರಿಗೆ ಹೇಳಿದನೋ ಅವನಿಗೇ ಗೊತ್ತಿರಲಿಲ್ಲ. ಒಳ್ಳೆಯತನ ಎಂದು ನಾನು ಮೆಚ್ಚಿಕೊಂಡಿದ್ದು ಏನೆಂದು ಆಗ ತಿಳಿಯಿತು. ತಿರುಗಿ ಚಪ್ಪಲಿ ಹುಡುಕತೊಡಗಿದೆ.

ಅಷ್ಟರಲ್ಲಿ ಅಂಬುಜಮ್ಮ ಗೂಡಿನಿಂದ ಭರಣಿ ಇಳಿಸಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಭರಣಿಯನ್ನು ಕಂಕುಳಲ್ಲಿಟ್ಟುಕೊಂಡು ಹೊಸಿಲು ದಾಟಿದರು. 'ಎಲ್ಲಿಗೆ?' ಎಂದರು ಪುಟ್ಟಸ್ವಾಮಯ್ಯ. 'ಜೀಪಿಗೆ' ಅಂದರು ಆಕೆ. ಅದು ನಾನು ಕೇಳಿದ ಅವರ ಮೊದಲ ಮಾತು.

ಇಮಾಮಣ್ಣ ಏನೂ ಕೇಳದೆ ತುಂಬಿಸಿದ. ಪದ್ಧತಿ ಮುರಿದು ಅಂಬುಜಮ್ಮ ಮುಂದಿನ ಸೀಟಿನಲ್ಲೇ ಕೂತರು. ಹಿಂದೆ ಪುಟ್ಟಸ್ವಾಮಯ್ಯ, ಲೋಹಿತ್, ಪ್ರಸನ್ನ, ನಾನು. ದಿಬ್ಬ ಇನ್ನೂ ಶುರುವಾಗಿರಲಿಲ್ಲ, ಜೀಪು ಬಡಿದುಕೊಳ್ಳತೊಡಗಿತು. ಹತ್ತುತ್ತಾ ಹತ್ತುತ್ತಾ ಎಷ್ಟು ಜೋರಾಯಿತೆಂದರೆ ಹೊಲದಲ್ಲಿದ್ದವರು ಸೊಂಟ ನೆಟ್ಟಗೆ ಮಾಡಿ ನೋಡಿದರು. ಪುಟ್ಟಸ್ವಾಮಯ್ಯ ಅಭ್ಯಾಸಬಲದಿಂದ ಅಂಗೈ ಎತ್ತಿದರು. ಜೀಪು ಅದಕ್ಕೆಲ್ಲ ಸೊಪ್ಪು ಹಾಕಲಿಲ್ಲ. ಅಂಬುಜಮ್ಮ ಮಾತ್ರ ತಲೆ ಒಂದು ಕಡೆ ವಾಲಿಸಿ, ಎಷ್ಟೋ ಕಾಲದಿಂದ ಗುರುತಿರುವ ದನಿಯನ್ನು ಕೇಳುವ ಹಾಗೆ ಕೇಳಿದರು. ನೆತ್ತಿಯಲ್ಲಿ ಇಮಾಮಣ್ಣ ಎಂಜಿನ್ ಆರಿಸಿದಾಗ, 'ಇದು ನಾನೇ' ಎಂದರು. ಆಮೇಲೆ ಹಿಂದಕ್ಕೆ ತಿರುಗಿ, 'ಇವನೂ' ಎಂದು ಮಗನ ಮೊಣಕಾಲು ಮುಟ್ಟಿದರು. ಪ್ರಸನ್ನ ಕನ್ನಡಕ ತೆಗೆದ.

'ಲೋಹಿತ, ನಿನ್ನ ಕಾರು ಹಿಂದೆ ಸರಿಯೋದು ಕಲಿತುಬಿಡುತ್ತೆ ಅಂದ್ಯಂತಲ್ಲ. ಕಲಿತದ್ದು ಹಾಗೇ ಉಳಿದುಬಿಡುತ್ತಾ?'

'ಇಲ್ಲ ಅತ್ತೆ. ಒಳ್ಳೆ ಪೆಟ್ರೋಲು ಹಾಕ್ತಾ ಬಂದ್ರೆ ವಾಪಸ್ಸು ಬರುತ್ತೆ. ಆದ್ರೆ ಒಂದೇ ಸಲಕ್ಕೆ ನಂಬಲ್ಲ. ಕೂದಲೆಳೆಯಷ್ಟು ಮುಂದೆ ಬರುತ್ತೆ, ಕೇಳಿಸ್ಕೊಳ್ಳುತ್ತೆ. ತೊಂದರೆ ಇಲ್ಲ ಅನ್ಸಿದ್ರೆ ಇನ್ನೊಂದು ಕೂದಲೆಳೆಯಷ್ಟು.'

'ಹಾಕೋರು ಯಾರು ಅಂತ' ಅಂದರು ಅಂಬುಜಮ್ಮ. ಗಂಡನ ಕಡೆ ನೋಡಲಿಲ್ಲ, ಆದರೆ ಎಲ್ಲರಿಗೂ ಅರ್ಥವಾಯಿತು. ಪುಟ್ಟಸ್ವಾಮಯ್ಯ ತಮ್ಮ ಅಂಗೈಯನ್ನು ಯಾರದೋ ವಸ್ತುವಿನ ಹಾಗೆ ನೋಡುತ್ತಾ ಕೂತಿದ್ದರು. ಅವರನ್ನು ಕಂಡು ನನಗೆ ಪಾಪ ಅನ್ನಿಸಿತು. ಕೆಟ್ಟವರಲ್ಲ. ಮನೆ ಸದ್ದಿಲ್ಲದಿದ್ದರೆ ಸುಖವಾಗಿದೆ ಎಂದು ನಂಬಿದ್ದರು, ಅಷ್ಟೇ.

ಮದುವೆ ನಿಂತಿತು. ಮುರಿಯಿತು ಅಂತ ನಾವು ಹೇಳಲಿಲ್ಲ, ಆಗುತ್ತದೆ ಅಂತಲೂ ಹೇಳಲಿಲ್ಲ. ನಾನು ಎಲ್ಲ ಹೇಳಿಕೊಂಡ ಮೇಲೆ ಮತ್ತೆ ಏರಿದ್ದ ನಮ್ಮ ಭರಣಿಯ ಪೆಟ್ರೋಲನ್ನು ಟ್ಯಾಂಕಿಗೆ ತುಂಬಿಸಿಕೊಂಡು ಲೋಹಿತ್ ಹೊರಟುಹೋದ. ಅಂಬುಜಮ್ಮ ಹಳೆಯ ಪೆಟ್ರೋಲನ್ನೆಲ್ಲ ಇಮಾಮಣ್ಣನಿಗೆ ಗಾಡಿಯ ಭಾಗಗಳನ್ನು ತೊಳೆಯಲು ಕೊಟ್ಟು ಹೊಸದು ತುಂಬಿಸಿಟ್ಟರು. ಕಲ್ಲುಮನೆಯ ಸುದ್ದಿ ಚೂರುಚೂರಾಗಿ ಬರುತ್ತಿತ್ತು. ಅಂಬುಜಮ್ಮ ಮಧ್ಯಾಹ್ನದ ಹೊತ್ತು ರೇಡಿಯೋ ಹಾಕುತ್ತಾರಂತೆ. ಉಪ್ಪು ಕಮ್ಮಿ ಎಂದ ಗಂಡನ ಮುಂದೆ ಉಪ್ಪಿನ ಡಬ್ಬಿ ಕುಕ್ಕಿ 'ಹಾಕ್ಕೊಳ್ಳಿ' ಅಂದರಂತೆ. ಪುಟ್ಟಸ್ವಾಮಯ್ಯ ಆಗಾಗ ಒಂದು ಸೀಸೆ ಪೆಟ್ರೋಲು ಹಿಡಿದು ತಾವೇ ಇಮಾಮಣ್ಣನ ಬಳಿ ಬರುತ್ತಾರಂತೆ. ಇನ್ನೂ ಬಡಿಯುತ್ತೆ, ಆದರೆ ಈಗ ಅರ್ಧ ದಿಬ್ಬದವರೆಗೆ ತಡೆಯುತ್ತೆ ಎಂದು ಇಮಾಮಣ್ಣ ಹೇಳುತ್ತಿದ್ದ.

ನಾನು ಪ್ರಸನ್ನನ ಅಂಗಡಿಗೆ ಹೋಗುವುದನ್ನು ಬಿಡಲಿಲ್ಲ. ಬಿಡಲಾಗಲಿಲ್ಲ ಅನ್ನುವುದೇ ಸರಿ. ಆದರೆ ಅವನು 'ನಿಮ್ಮಿಷ್ಟ' ಅಂದಾಗಲೆಲ್ಲ ಮೊದಲಿನಂತೆ ಎದೆ ತುಂಬುತ್ತಿರಲಿಲ್ಲ, ಕುಸಿಯುತ್ತಿತ್ತು. ಅವನಿಗೂ ಅದು ಕಾಣುತ್ತಿತ್ತು. ಏನೋ ಹೇಳಲು ಬಾಯಿ ತೆರೆದು, ನನ್ನ ಮುಖ ನೋಡಿ, ಮುಚ್ಚಿಕೊಳ್ಳುತ್ತಿದ್ದ. ಇವನ ಜೊತೆ ಬಾಳಿದರೆ ಇವನ ಮಾತನ್ನೂ ನಾನೇ ಆಡಬೇಕಾಗುತ್ತದೆ, ಆಮೇಲೆ ಅಂಗೈ ಎತ್ತುವವಳು ನಾನೇ ಆಗುತ್ತೇನೆ ಅಂತ ಭಯ. ಮಳೆಗಾಲ ಕಳೆದು ಚಳಿ ಬಂತು. ಇನ್ನು ಸಾಕು, ಇವತ್ತು ಹೇಳಿ ಬಂದುಬಿಡುತ್ತೇನೆ ಎಂದು ಒಂದು ಬೆಳಗ್ಗೆ ಗೊಜ್ಜಿನ ಡಬ್ಬಿ ಹಿಡಿದು ಹೊರಟೆ.

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಒಬ್ಬರು ಗಾಜು ಸಿಕ್ಕಿಸಿಕೊಂಡು ಗೋಡೆಯ ಅಕ್ಷರ ಓದುತ್ತಿದ್ದರು. ಡಬ್ಬಿ ಅವನ ಮುಂದಿಟ್ಟೆ. ಅವನು ಮುಚ್ಚಳ ತೆಗೆದ, ನೋಡಿದ.

'ನನಗೆ ಇದು ಬೇಡ' ಅಂದ.

'ಹಸಿವಿಲ್ವಾ?'

'ಇದೆ. ಈ ಗೊಜ್ಜು ನನಗೆ ಸೇರಲ್ಲ. ಮೊದಲ ದಿನದಿಂದಾನೂ ಸೇರಲ್ಲ.'

ನನಗೆ ನೆತ್ತಿಗೇರಿತು. 'ಮತ್ತೆ ಇಷ್ಟು ದಿನ ತಿಂದಿದ್ಯಾಕೆ? ಚೆನ್ನಾಗಿದೆ ಅಂದಿದ್ಯಾಕೆ? ನಾನು ಬೆಳಗ್ಗೆ ಎದ್ದು ಮಾಡ್ತಿದ್ದದ್ದೇನು ನಾಯಿಗೆ ಹಾಕೋಕಾ?' ಗಿರಾಕಿ ಗೋಡೆ ಬಿಟ್ಟು ನಮ್ಮನ್ನು ನೋಡತೊಡಗಿದರು. ಪ್ರಸನ್ನನ ಕಿವಿ ಕೆಂಪಗಾಯಿತು. 'ಇಲ್ಲ, ಅಂದ್ರೆ, ನಿಮ್ಮ...' ಎಂದು ಶುರುಮಾಡಿದ. ನಾನು ಉಸಿರು ಹಿಡಿದೆ. ಅವನು ನಿಲ್ಲಿಸಿದ. ಮುಚ್ಚಳವನ್ನು ಡಬ್ಬಿಗೆ ಒತ್ತಿ ಹಾಕಿ ನನ್ನ ಕಡೆ ತಳ್ಳಿದ.

'ನಿಮ್ಮಿಷ್ಟ ಅಲ್ಲ. ನನಗೆ ಇಷ್ಟ ಇಲ್ಲ. ತಗೊಂಡು ಹೋಗಿ! ನಾಳೆ ಬರೋವಾಗ ಬೇರೆ ಏನಾದ್ರೂ ತನ್ನಿ!'

ಬೀದಿಗೆ ಕೇಳಿಸುವಷ್ಟು ಜೋರಾಗಿ ಹೇಳಿದ. ಹೇಳಿ, ಏನೋ ಒಡೆದುಹೋಯಿತೇನೋ ಎಂಬಂತೆ ಸುತ್ತ ನೋಡಿದ. ಏನೂ ಒಡೆದಿರಲಿಲ್ಲ.

ಡಬ್ಬಿ ಎದೆಗೊತ್ತಿಕೊಂಡು ಮನೆಗೆ ಓಡಿದೆ. ಅಪ್ಪ ಜೋಳ ಬೀಸುತ್ತಿದ್ದ. 'ಯಾಕೇ ಅಳ್ತಿದೀಯ?' ಎಂದು ಕೂಗಿದ. 'ನನ್ನ ಗೊಜ್ಜು ಸೇರಲ್ವಂತೆ! ಎಲ್ಲರ ಮುಂದೆ ಹೇಳಿದ್ರು!' ಎಂದು ನಾನೂ ಕೂಗಿದೆ. ಅಪ್ಪ ಬೆಲ್ಟು ನಿಲ್ಲಿಸಿ, 'ಕೇಳಿದ್ಯೇನೇ, ಹುಡುಗ ಗೊಜ್ಜು ವಾಪಸ್ಸು ಕಳಿಸಿದಾನೆ!' ಎಂದು ಒಳಗೆ ಕೂಗಿದ. ಅಮ್ಮ ಒದ್ದೆ ಕೈಯಲ್ಲೇ ಹೊರಗೆ ಬಂದು, ಇನ್ನು ಯಾವ ಜೀಪೂ ಬೇಡ, ಪುರೋಹಿತರಿಗೆ ಇವತ್ತೇ ಹೇಳಿಕಳಿಸಿ ಅಂದಳು. ಅಜ್ಜಿ ನಡುಮನೆಯಿಂದ, 'ನಾನೂ ಅದನ್ನೇ ಹೇಳ್ತಿದ್ದೆ, ಅವಳ ಗೊಜ್ಜು ವಿಪರೀತ ಕಹಿ' ಅಂದಳು. ನಾನು ಹಿಟ್ಟಿನ ಮೂಟೆಯ ಮೇಲೆ ಕೂತು ಮನಸಾರೆ, ಜೋರಾಗಿ ಅತ್ತೆ. ಯಾರೂ ಮೆಲ್ಲಗೆ ಅನ್ನಲಿಲ್ಲ.